ಡಿಸ್ಕ್ ಗಾಲ್ಫ್ ಅಂಗಳದ ರಚನೆ

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಆಡಲು ಬಾರದವನು ಅಂಗಳವನ್ನು ದೂರಬಾರದು ಎಂಬುದೇ ಅದರ ಇಂಗಿತ. ಬಹುಮಟ್ಟಿಗೆ ಎಲ್ಲ ಆಟಗಳಿಗೂ ಈ ಮಾತು ಸಲ್ಲುತ್ತದೆ. ಏಕೆಂದರೆ ಅವುಗಳ ನೆಲ ಎಲ್ಲೆಲ್ಲಿಯೂ ಒಂದೇ ಅಳತೆಯದು. ಕ್ರಿಕೆಟ್ಟಿನ ಪಿಚ್ಚು ಯಾವ ಊರಿಗೆ ಹೋದರೂ 22 ಗಜ. ಟೆನ್ನಿಸ್ ಕೋರ್ಟಿನ ಉದ್ದ 78 ಅಡಿ. ಹಗ್ಗ ಹಿಡಿದು ಅಳೆದು ಸುಣ್ಣದ ಗೆರೆ ಎಳೆದರೆ ಅಂಗಳ ಸಿದ್ಧವಾಯಿತು. ಆದರೆ ನೆಲ ಡೊಂಕಾಗಿದ್ದಷ್ಟೂ ಸೊಗಸು ಎನ್ನುವ, ಒಂದು ಊರಿನ ಅಂಗಳ ಇನ್ನೊಂದು ಊರಿನ ಅಂಗಳದಂತೆ ಇರಲೇಬಾರದು ಎನ್ನುವ ಆಟವೊಂದಿದೆ. ಅದೇ ಡಿಸ್ಕ್ ಗಾಲ್ಫ್. ಆ ಆಟದಲ್ಲಿ ಅಂಗಳವನ್ನು ಹಾಕುವುದೇ ಒಂದು ವಿದ್ಯೆ. ಆ ವಿದ್ಯೆಯ ಮೂಲ ಸೂತ್ರಗಳನ್ನು ನನಗೆ ತಿಳಿದಮಟ್ಟಿಗೆ ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಆಟದ ಪರಿಚಯವಾಗಲಿ. ಗಾಲ್ಫಿನಲ್ಲಿ ದಾಂಡಿನಿಂದ ಚೆಂಡನ್ನು ಹೊಡೆದು ಕುಳಿಗೆ ಬೀಳಿಸುತ್ತಾರೆ. ಇಲ್ಲಿ ದಾಂಡೂ ಇಲ್ಲ, ಚೆಂಡೂ ಇಲ್ಲ. ಅಂಗೈಗಿಂತ ಅಗಲವಾದ ಒಂದು ಪ್ಲಾಸ್ಟಿಕ್ ಬಿಲ್ಲೆಯನ್ನು ಕೈಯಿಂದಲೇ ಎಸೆಯಬೇಕು. ಅದು ಬಿದ್ದಲ್ಲಿಗೆ ಹೋಗಿ ಅಲ್ಲಿಂದ ಮತ್ತೆ ಎಸೆಯಬೇಕು. ಹೀಗೆ ಎಸೆಯುತ್ತ ಹೋಗಿ ಕಂಬವೊಂದಕ್ಕೆ ಜೋಡಿಸಿದ ಕಬ್ಬಿಣದ ಬುಟ್ಟಿಗೆ ಬಿಲ್ಲೆಯನ್ನು ಸೇರಿಸಬೇಕು. ಬುಟ್ಟಿಯ ಮೇಲೆ ಸುತ್ತಲೂ ಸರಪಳಿಗಳು ಇಳಿಬಿದ್ದಿರುತ್ತವೆ. ಹಾರಿಬಂದ ಬಿಲ್ಲೆ ಅವುಗಳಿಗೆ ತಾಗಿ, ವೇಗ ಕಳೆದುಕೊಂಡು ಬುಟ್ಟಿಯೊಳಗೆ ಬೀಳುತ್ತದೆ. ಎಲ್ಲರಿಗಿಂತ ಕಡಿಮೆ ಎಸೆತಗಳಲ್ಲಿ ಮುಗಿಸಿದವನು ಗೆದ್ದಂತೆ. ಎಸೆಯಲು ಆರಂಭಿಸುವ ಜಾಗಕ್ಕೆ ಟೀ ಎಂದು ಹೆಸರು. ಟೀಯಿಂದ ಬುಟ್ಟಿಯವರೆಗಿನ ಒಂದು ಘಟ್ಟಕ್ಕೆ ಹೋಲು ಎನ್ನುತ್ತಾರೆ. ಕುಳಿಯೇ ಇಲ್ಲದ ಆಟದಲ್ಲಿ ಈ ಹೆಸರು ಉಳಿದದ್ದು ಗಾಲ್ಫಿನ ಋಣ. ಸಾಮಾನ್ಯವಾಗಿ ಒಂದು ಅಂಗಳದಲ್ಲಿ 9 ಅಥವಾ 18 ಹೋಲುಗಳಿರುತ್ತವೆ.

ಹಾರುವ ಬಿಲ್ಲೆ ಅಮೆರಿಕದಲ್ಲಿ ಹೆಸರಾದದ್ದು 1957ರಲ್ಲಿ. ಫ್ರೆಡ್ ಮಾರಿಸನ್ ಎಂಬವನು ರೂಪಿಸಿದ ಬಿಲ್ಲೆಯನ್ನು ಆ ವರ್ಷ ವ್ಯಾಮ್-ಓ ಎಂಬ ಕಂಪೆನಿ ಮಾರಾಟಕ್ಕೆ ತಂದು, ಅದಕ್ಕೆ ಫ್ರಿಸ್ಬಿ ಎಂದು ಹೆಸರಿಟ್ಟಿತು. ಅದನ್ನು ಮರಕ್ಕೋ ಕಂಬಕ್ಕೋ ಗುರಿಯಿಟ್ಟು ಎಸೆಯುವ ಆಟವನ್ನು ಹುಡುಗರು ಅಲ್ಲಲ್ಲಿ ತಾವಾಗಿಯೇ ಕಟ್ಟಿಕೊಂಡಿದ್ದರು. ಅದಕ್ಕೊಂದು ಸ್ಥಿರವಾದ ಅಂಗಳವನ್ನು ಒದಗಿಸಿದವನು ಅದೇ ಕಂಪೆನಿಯಲ್ಲಿ ಕೆಲಸ ಮಾಡುತ್ತಿದ್ದ ಎಡ್ ಹೆಡ್ರಿಕ್. 1975ರಲ್ಲಿ ಅವನು ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ನಗರದ ಬಳಿಯ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಶಾಶ್ವತ ಅಂಗಳವನ್ನು ಹಾಕಿದ. ಗ್ರಹಗಳಿಗೆ ನೌಕೆಗಳನ್ನು ಕಳಿಸಿ ಖ್ಯಾತವಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಆ ಉದ್ಯಾನದ ಮಗ್ಗುಲಲ್ಲೇ ಇದೆ. ಅಲ್ಲಿ ಮೊದಲು ನೆಟ್ಟದ್ದು ಬರಿಯ ಕಂಬಗಳನ್ನು. ಬಿಲ್ಲೆ ಕಂಬಕ್ಕೆ ತಾಗಿತೋ ಇಲ್ಲವೋ ಎಂಬ ಜಗಳಕ್ಕೆ ಕೊನೆಯೇ ಇರುತ್ತಿರಲಿಲ್ಲವಾಗಿ, ಹೆಡ್ರಿಕ್ ಸರಪಳಿಯ ಬುಟ್ಟಿಯನ್ನು ಯೋಚಿಸಿ 1977ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ನಡುವೆ 1976ರಲ್ಲಿ ಆಟಗಾರರ ಸಂಘವೊಂದನ್ನೂ ಕಟ್ಟಿದ. 2002ರಲ್ಲಿ ಅವನು ತೀರಿಕೊಂಡಾಗ, ಅವನ ಇಚ್ಛೆಯಂತೆ ಅವನ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ಕೆಲವು ಬಿಲ್ಲೆಗಳನ್ನು ಎರಕ ಹೊಯ್ದರು. ಅವನು ಹಾಕಿದ ಒಂದು ಅಂಗಳದ ಸಂತತಿ 2023ರ ವೇಳೆಗೆ ಜಗತ್ತಿನಲ್ಲಿ ಸುಮಾರು 15 ಸಾವಿರಕ್ಕೆ ಬೆಳೆದಿತ್ತು.

ಇನ್ನು ರಚನೆಯ ವಿಷಯಕ್ಕೆ ಬರೋಣ. ಮನೆ ಕಟ್ಟುವವನಿಗೆ ಇಟ್ಟಿಗೆಯ ಗುಣ ತಿಳಿದಿರಬೇಕು. ಅಂಗಳ ಹಾಕುವವನಿಗೆ ಬಿಲ್ಲೆಯ ಗುಣ ತಿಳಿದಿರಬೇಕು. ಬಿಲ್ಲೆ ಕಲ್ಲಿನಂತೆ ನೆಟ್ಟಗೆ ಹೋಗುವುದಿಲ್ಲ. ಬಲಗೈಯವನು ತೋಳನ್ನು ಎದೆಯ ಮುಂದಿನಿಂದ ಹೊರಕ್ಕೆ ಬೀಸಿ ಎಸೆದರೆ, ಮೇಲಿನಿಂದ ನೋಡಿದಾಗ ಬಿಲ್ಲೆ ಗಡಿಯಾರದ ಮುಳ್ಳಿನಂತೆ ತಿರುಗುತ್ತ ಹೋಗುತ್ತದೆ. ಬಲವಾಗಿ ಎಸೆದಾಗ ಮೊದಮೊದಲು ಅದು ನೇರವಾಗಿ, ಅಥವಾ ತುಸು ಬಲಕ್ಕೆ ವಾಲಿ, ಸಾಗುತ್ತದೆ. ವೇಗ ಕುಂದಿದಂತೆ ಎಡಕ್ಕೆ ಹೊರಳಿ ಇಳಿಯುತ್ತದೆ.

ಇದಕ್ಕೆ ಕಾರಣವನ್ನು ನಮ್ಮ ಬುಗುರಿಯನ್ನು ನೆನೆದರೆ ತಿಳಿಯಬಹುದು. ಬಿಲ್ಲೆಯನ್ನು ಎತ್ತಿ ಹಿಡಿಯುವ ಗಾಳಿಯ ಬಲ ಸರಿಯಾಗಿ ಅದರ ನಡುವಿಗೇ ಬೀಳುವುದಿಲ್ಲ. ವೇಗ ಹೆಚ್ಚಿರುವಾಗ ಅದು ನಡುವಿನಿಂದ ಸ್ವಲ್ಪ ಹಿಂದಕ್ಕೂ, ವೇಗ ಕಡಿಮೆಯಾದಾಗ ಮುಂದಕ್ಕೂ ಸರಿಯುತ್ತದೆ. ಬಿಲ್ಲೆ ತಿರುಗದೆ ಇದ್ದಿದ್ದರೆ ಮುಂದಿನ ಅಂಚು ತಗ್ಗಿಯೋ ಎದ್ದೋ ಮಗುಚಿಬೀಳುತ್ತಿತ್ತು. ಆದರೆ ತಿರುಗುತ್ತಿರುವ ವಸ್ತುವಿನ ಮೇಲೆ ಬಿದ್ದ ಇಂಥ ಒತ್ತಡದ ಪರಿಣಾಮ ಬುಗುರಿಯಲ್ಲಿ ಕಾಣುವಂತೆ ಪಕ್ಕಕ್ಕೆ ತೋರುತ್ತದೆ. ಎಡಗೈಯವನ ಬಿಲ್ಲೆ ಕನ್ನಡಿಯ ಬಿಂಬದಂತೆ ಇದೆಲ್ಲವನ್ನೂ ತಿರುವುಮುರುವಾಗಿ ಮಾಡುತ್ತದೆ.

ಇದು ಬರಿಯ ಭೌತಶಾಸ್ತ್ರದ ಕುತೂಹಲವಲ್ಲ. ಅಂಗಳದ ನ್ಯಾಯಕ್ಕೆ ಸಂಬಂಧಿಸಿದ್ದು. 18 ಹೋಲುಗಳಲ್ಲಿ 14 ಎಡಕ್ಕೆ ಬಾಗಿದ್ದರೆ, ಬಲಗೈಯವನ ಬಿಲ್ಲೆ ತಾನಾಗಿಯೇ ಆ ಕಡೆ ಹೊರಳುತ್ತದೆ. ಎಡಗೈಯವನು ಹೆಜ್ಜೆಹೆಜ್ಜೆಗೂ ತೊಳಲಬೇಕಾಗುತ್ತದೆ. ಆದ್ದರಿಂದ ಒಳ್ಳೆಯ ರಚನಾಕಾರನು ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು, ನೇರ ಎಷ್ಟು ಎಂದು ಲೆಕ್ಕವಿಟ್ಟು, ಆ ಮೂರನ್ನೂ ಸರಿದೂಗಿಸುತ್ತಾನೆ.

ಬಿಲ್ಲೆಯ ಗುಣವೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. 1983ರಲ್ಲಿ ಅಂಚನ್ನು ಇಳಿಜಾರಾಗಿ ತೆಳುಮಾಡಿದ ಬಿಲ್ಲೆಗಳು ಬಂದವು. ಗಾಳಿಯನ್ನು ಸೀಳುವ ಈ ಬಿಲ್ಲೆಗಳು ಹಳೆಯವುಗಳಿಗಿಂತ ಬಹು ದೂರ ಹೋದವು. 2016ರಲ್ಲಿ ನೆವಾಡಾ ಸೀಮೆಯ ಮರುಭೂಮಿಯಲ್ಲಿ ಬೀಸುಗಾಳಿಯ ನೆರವಿನಿಂದ ಒಬ್ಬ ಆಟಗಾರ 338 ಮೀಟರ್, ಅಂದರೆ 1,100 ಅಡಿಗೂ ಮೀರಿ, ಎಸೆದದ್ದು ದಾಖಲೆಯಾಯಿತು. ಇದು ಅಪವಾದವೆನ್ನಿ. ಆದರೂ ಎಸೆತದ ದೂರ ಹೆಚ್ಚಿದಂತೆಲ್ಲ ದಾರಿ ತಪ್ಪಿದ ಎಸೆತದ ದೂರವೂ ಹೆಚ್ಚುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಇಲ್ಲಿ ನನ್ನದೊಂದು ಅನುಭವವನ್ನು ಹೇಳಬೇಕು. ಈ ವಿಷಯವನ್ನು ಓದುತ್ತಿದ್ದಾಗ, ಅಂಗಳ ಹಾಕುವುದೇನು ಮಹಾ, ನಾನೂ ಒಂದು ಕೈ ನೋಡುತ್ತೇನೆ ಎಂಬ ಹುಮ್ಮಸ್ಸು ಬಂತು. ಗ್ರಾಫ್ ಕಾಗದದ ಮೇಲೆ ಅಂಗುಲಕ್ಕೆ 50 ಅಡಿಯಂತೆ ಒಂದು ಕಲ್ಪಿತ ಉದ್ಯಾನವನ್ನು ಬರೆದೆ. 600 ಅಡಿ ಉದ್ದ, 400 ಅಡಿ ಅಗಲ. ಸುಮಾರು ಐದೂವರೆ ಎಕರೆ. ಒಂದು ಮೂಲೆಯಲ್ಲಿ ಮಕ್ಕಳ ಉಯ್ಯಾಲೆ, ನಡುವೆ ಅಡ್ಡಲಾಗಿ ಒಂದು ಕಾಲುದಾರಿ, ಒಂದು ಬದಿಗೆ ಮರಗಳ ತೋಪು. ಅದರಲ್ಲಿ ಒಂಬತ್ತು ಹೋಲುಗಳನ್ನು ಒಂದೇ ಸಂಜೆ ಕೂಡಿಸಿಬಿಟ್ಟೆ. ಪೆನ್ಸಿಲಿನ ಗೆರೆಗಳು ಅಂದವಾಗಿಯೇ ಇದ್ದವು. ಮರುದಿನ ಗೆಳೆಯನೊಬ್ಬನಿಗೆ ತೋರಿಸಿದೆ. ಅವನು ನಿಧಾನವಾಗಿ ನೋಡಿ, "ಎಲ್ಲ ಸರಿ ಕಣೋ, ಈ ಕಾಲುದಾರಿಯಲ್ಲಿ ಬರುವ ಮುದುಕಪ್ಪ ಯಾವ ಹೋಲು ಆಡುತ್ತಾನೆ?" ಎಂದ. ನೋಡಿದರೆ ನನ್ನ ಒಂಬತ್ತರಲ್ಲಿ ಮೂರು ಹೋಲುಗಳು ಆ ದಾರಿಯನ್ನು ದಾಟಿ ಹೋಗಿದ್ದವು! ಒಂದರ ಬುಟ್ಟಿಯಂತೂ ಉಯ್ಯಾಲೆಯ ಬೆನ್ನಿಗೇ ಇತ್ತು.

ನಾನು ನಕ್ಕೆನಾದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆಟದ ಬಿಲ್ಲೆ ಮಕ್ಕಳ ಆಟಿಕೆಯಂತೆ ಮೆತ್ತಗಿರುವುದಿಲ್ಲ. ನಿಯಮದಂತೆ ಅದರ ತೂಕ 200 ಗ್ರಾಂ ಮೀರಬಾರದು. ಆದರೆ 170 ಗ್ರಾಮಿನ ಗಟ್ಟಿ ಅಂಚಿನ ಬಿಲ್ಲೆಗಳು ಸಾಮಾನ್ಯ. ಪಳಗಿದ ಕೈಯಿಂದ ಅದು ಗಂಟೆಗೆ 60 ಮೈಲಿಗೂ ಮೀರಿದ ವೇಗದಲ್ಲಿ ಹೊರಡುತ್ತದೆ. ಅದು ದಾರಿಹೋಕನ ತಲೆಗೆ ಬಡಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಆಡುವವನಿಗೆ ಬಿಲ್ಲೆ ಬರುತ್ತದೆಂಬ ಎಚ್ಚರವಿರುತ್ತದೆ. ಮೊಮ್ಮಗನ ಕೈಹಿಡಿದು ನಡೆಯುತ್ತಿರುವವನಿಗೆ ಅದು ಹೇಗಿದ್ದೀತು?

ಆದ್ದರಿಂದ ಬಲ್ಲ ರಚನಾಕಾರರು ಮೊದಲು ಹೋಲುಗಳನ್ನು ಹುಡುಕುವುದಿಲ್ಲ. ಹೋಲು ಹಾಕಬಾರದ ಜಾಗಗಳನ್ನು ಗುರುತಿಸುತ್ತಾರೆ. ರಸ್ತೆ, ಮನೆಗಳ ಹಿತ್ತಿಲು, ಕಾಲುದಾರಿ, ಮಕ್ಕಳು ಆಡುವ ಜಾಗ, ಜನ ಬುತ್ತಿ ಬಿಚ್ಚಿ ಕೂರುವ ನೆರಳು ಇವೆಲ್ಲವನ್ನೂ ನಕ್ಷೆಯಲ್ಲಿ ಗೀಟು ಹಾಕಿ ಬಿಟ್ಟುಬಿಡುತ್ತಾರೆ. ಅಷ್ಟೇ ಸಾಲದು. ಅವುಗಳ ಸುತ್ತ ಎಷ್ಟು ತೆರಪು ಬೇಕೆಂಬುದನ್ನೂ ಲೆಕ್ಕ ಹಾಕಬೇಕು. ಹೊಸಬನೊಬ್ಬನ ಎಸೆತ ಗುರಿಯಿಂದ 10 ಡಿಗ್ರಿ ತಪ್ಪಿತೆನ್ನೋಣ. 250 ಅಡಿ ದೂರ ಹೋಗುವಷ್ಟರಲ್ಲಿ ಅದು ಸುಮಾರು 44 ಅಡಿ ಪಕ್ಕಕ್ಕೆ ಸರಿದಿರುತ್ತದೆ. 20 ಡಿಗ್ರಿ ತಪ್ಪಿದರೆ ಸುಮಾರು 90 ಅಡಿ. ಅಂದರೆ ನಕ್ಷೆಯಲ್ಲಿ ನಾವು ಎಳೆಯುವ ಒಂದು ಗೆರೆ ವಾಸ್ತವವಾಗಿ ಗೆರೆಯಲ್ಲ; ದೂರ ಹೋದಂತೆ ಅಗಲವಾಗುವ ಬೀಸಣಿಗೆ. ಒಂದು ಹೋಲಿಗೆ ಸುಮಾರು ಒಂದು ಎಕರೆ ಬೇಕು ಎಂದು ಬಲ್ಲವರು ಹೇಳುವುದರ ಅರ್ಥ ನನಗೆ ಆಗ ಹೊಳೆಯಿತು. 250 ಅಡಿ ಉದ್ದ, 175 ಅಡಿ ಅಗಲದ ನೆಲ ಹೆಚ್ಚುಕಡಿಮೆ ಒಂದು ಎಕರೆಯೇ ಆಗುತ್ತದೆ. ಎಳೆಯರಿಗಾಗಿ ಹಾಕುವ ಗಿಡ್ಡ ಹೋಲುಗಳಿಗೆ ಇದಕ್ಕಿಂತ ಕಡಿಮೆ ಸಾಕು. ಪ್ರವೀಣರ ಉದ್ದದ ಹೋಲುಗಳಿಗೆ ಹೆಚ್ಚು ಬೇಕು.

ಇದಾದ ಮೇಲೆ ಹೋಲುಗಳನ್ನು ಮಾಲೆಯಂತೆ ಪೋಣಿಸುವ ಕೆಲಸ. ಮೊದಲ ಟೀ ಜನ ಬಂದು ಸೇರುವ ಜಾಗಕ್ಕೆ ಹತ್ತಿರವಿರಬೇಕು; ಕೊನೆಯ ಬುಟ್ಟಿಯೂ ಸುತ್ತಿ ಬಳಸಿ ಅಲ್ಲಿಗೇ ಬರಬೇಕು. ಒಂದು ಬುಟ್ಟಿಯಿಂದ ಮುಂದಿನ ಟೀಗೆ ಹೋಗುವ ದಾರಿ ಚಿಕ್ಕದಾಗಿರಬೇಕು, ಮತ್ತು ಅದು ಬೇರೊಂದು ಹೋಲಿನ ಬೀಸಣಿಗೆಯೊಳಗೆ ಹಾಯಬಾರದು. ಒಂದು ಹೋಲಿನ ಬುಟ್ಟಿಯ ಹಿಂದೆಯೇ ಮತ್ತೊಂದರ ಟೀ ಇಟ್ಟರೆ, ಗುರಿ ಮೀರಿದ ಬಿಲ್ಲೆ ಅಲ್ಲಿ ನಿಂತವರ ಬೆನ್ನಿಗೆ ಬರುತ್ತದೆ. ಟೀಯಲ್ಲಿ ನಿಂತವನಿಗೆ ಎದುರಿನ ಹಾದಿ ಖಾಲಿಯಿದೆಯೇ ಇಲ್ಲವೇ ಎಂಬುದು ಕಾಣುವಂತಿರಬೇಕು; ಕಾಣದ ಕಡೆಗೆ ಎಸೆಯುವಂತೆ ಮಾಡುವುದು ತಪ್ಪು. ಬೆಳಗ್ಗೆ ಆಡುವ ಮೊದಲ ಹೋಲುಗಳು ಪೂರ್ವಕ್ಕೂ, ಸಂಜೆ ಮುಗಿಸುವ ಹೋಲುಗಳು ಪಶ್ಚಿಮಕ್ಕೂ ಮುಖ ಮಾಡದಿದ್ದರೆ ಕಣ್ಣಿಗೆ ಬಿಸಿಲು ಹೊಡೆಯುವುದು ತಪ್ಪುತ್ತದೆ.

ಒಂದೊಂದು ಹೋಲಿನ ಒಳರಚನೆಯನ್ನು ಈಗ ಗಮನಿಸೋಣ. ಇದನ್ನು ನಮಗೆಲ್ಲ ಚಿರಪರಿಚಿತವಾದ ಪ್ರಶ್ನೆಪತ್ರಿಕೆಗೆ ಹೋಲಿಸಬಹುದೆಂದು ನನಗೆ ತೋರುತ್ತದೆ. ಎಲ್ಲರೂ ಪೂರ್ಣಾಂಕ ಪಡೆಯುವ ಪ್ರಶ್ನೆಯಿಂದ ಓದಿದವರಾರು, ಓದದವರಾರು ಎಂಬುದು ಗೊತ್ತಾಗುವುದಿಲ್ಲ. ಯಾರೂ ಬಿಡಿಸಲಾಗದ ಪ್ರಶ್ನೆಯಿಂದಲೂ ಗೊತ್ತಾಗುವುದಿಲ್ಲ. ಬಯಲಿನಲ್ಲಿ 180 ಅಡಿ ದೂರಕ್ಕೆ ನೆಟ್ಟ ಬುಟ್ಟಿ ಪ್ರವೀಣರಿಗೆ ಮೊದಲ ಬಗೆಯ ಪ್ರಶ್ನೆ. ಗಿಜಿಗುಟ್ಟುವ ಮರಗಳ ನಡುವೆ ಬಿಲ್ಲೆಗೆ ಹಾದಿಯನ್ನೇ ಬಿಡದೆ ನೆಟ್ಟ ಬುಟ್ಟಿ ಎರಡನೆಯ ಬಗೆಯದು. ಅಲ್ಲಿ ಚೆನ್ನಾಗಿ ಎಸೆದವನ ಬಿಲ್ಲೆ ಮರಕ್ಕೆ ಬಡಿದು ಪೊದೆಗೆ ಬೀಳಬಹುದು. ಕೆಟ್ಟದಾಗಿ ಎಸೆದವನದು ಇನ್ನೊಂದು ಮರಕ್ಕೆ ಬಡಿದು ಬುಟ್ಟಿಯ ಬಳಿಗೇ ಹಾರಬಹುದು. ಇದು ಪರೀಕ್ಷೆಯಲ್ಲ, ಲಾಟರಿ. ಆದ್ದರಿಂದ ಹಾದಿ ಕಿರಿದಾಗಿರಬಹುದು, ಬಾಗಿರಬಹುದು. ಆದರೆ ಹಾದಿಯೆಂಬುದು ಇರಬೇಕು. ಒಳ್ಳೆಯ ಎಸೆತಕ್ಕೆ ಒಳ್ಳೆಯ ಫಲ, ತಪ್ಪಿದ ಎಸೆತಕ್ಕೆ ತಪ್ಪಿನಷ್ಟೇ ದಂಡ ಎಂಬುದು ಇಲ್ಲಿನ ಧರ್ಮಸೂತ್ರ.

ಪ್ರಶ್ನೆಗಳು ಒಂದೇ ಬಗೆಯವಾಗಿರಬಾರದು ಎಂಬುದೂ ಅಷ್ಟೇ ಮುಖ್ಯ. ಒಂದು ಹೋಲು ದೂರವನ್ನು ಕೇಳಿದರೆ ಮತ್ತೊಂದು ಗುರಿಯನ್ನು ಕೇಳಬೇಕು. ಒಂದರಲ್ಲಿ ಏರು, ಇನ್ನೊಂದರಲ್ಲಿ ಇಳಿಜಾರು. ಇಳಿಜಾರಿನಲ್ಲಿ ಬಿಲ್ಲೆ ಹೆಚ್ಚು ಹೊತ್ತು ಗಾಳಿಯಲ್ಲಿರುವುದರಿಂದ ಅದರ ಹೊರಳುವಿಕೆಯೂ ಹೆಚ್ಚು. ಕೆಲವೊಮ್ಮೆ ಬುಟ್ಟಿಯನ್ನು ಇಳುಕಲಿನ ಅಂಚಿಗೆ ನೆಡುತ್ತಾರೆ. ಆಗ ಹತ್ತಿರದಿಂದ ಎಸೆಯುವವನೂ ಎರಡು ಸಲ ಯೋಚಿಸಬೇಕಾಗುತ್ತದೆ. ತಪ್ಪಿದರೆ ಬಿಲ್ಲೆ ಚಕ್ರದಂತೆ ಉರುಳಿ ಕೆಳಗಿಳಿಯುತ್ತದೆ. ಬುಟ್ಟಿಯಿಂದ 10 ಮೀಟರಿನ ವೃತ್ತದೊಳಗೆ ಇನ್ನೊಂದು ನಿಯಮವುಂಟು. ಅಲ್ಲಿ ಎಸೆದವನು ಮುಂದಕ್ಕೆ ಮುಗ್ಗರಿಸದೆ ನಿಂತು ತೋರಿಸಬೇಕು. ಈ ವೃತ್ತದ ನೆಲ ಹೇಗಿರಬೇಕೆಂಬುದನ್ನೂ ರಚನಾಕಾರನು ಬಿಡಿಯಾಗಿಯೇ ಯೋಚಿಸುತ್ತಾನೆ.

ಆದರೆ ಹೊಸಬನೂ ಪ್ರವೀಣನೂ ಒಂದೇ ಪತ್ರಿಕೆಗೆ ಉತ್ತರ ಬರೆಯುವುದು ಹೇಗೆ? ಇದಕ್ಕೆ ಕಂಡುಕೊಂಡ ಉಪಾಯ ಸರಳವಾದದ್ದು. ಬುಟ್ಟಿ ಒಂದೇ, ಟೀಗಳು ಎರಡು ಅಥವಾ ಮೂರು. ಕೆಂಪು, ಬಿಳಿ, ನೀಲಿ, ಚಿನ್ನದ ಬಣ್ಣ ಎಂದು ಆಟಗಾರರ ಮಟ್ಟಕ್ಕೆ ತಕ್ಕಂತೆ ಅವುಗಳನ್ನು ಗುರುತಿಸುವುದುಂಟು. ಕೆಂಪು ಟೀ ಬುಟ್ಟಿಗೆ ಹತ್ತಿರ, ಚಿನ್ನದ ಟೀ ದೂರ. ಹೀಗೆ ತಂದೆಯೂ ಮಗಳೂ ಒಟ್ಟಿಗೆ ಆಡಬಹುದು; ಇಬ್ಬರಿಗೂ ಅವರವರ ಶಕ್ತಿಗೆ ತಕ್ಕ ಪ್ರಶ್ನೆ.

ಮರಗಳೂ ಗುಡ್ಡಗಳೂ ಇಲ್ಲದ ಬಯಲಾದರೆ ಏನು ಮಾಡುವುದು? ಇದಕ್ಕೆ ಒಂದು ವಿದ್ಯಾಸಂಸ್ಥೆಯ ನಿದರ್ಶನವೇ ಇದೆ. ಅಮೆರಿಕದ ದಕ್ಷಿಣ ಕ್ಯಾರೊಲಿನಾ ಸಂಸ್ಥಾನದ ರಾಕ್ ಹಿಲ್ ಊರಿನಲ್ಲಿ ವಿನ್‌ಥ್ರಾಪ್ ವಿಶ್ವವಿದ್ಯಾಲಯವಿದೆ. ಅದರ ಕೆರೆಯ ಸುತ್ತಲಿನ ಆವರಣದಲ್ಲಿ 1999ರಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆರಂಭವಾಯಿತು. ಅಲ್ಲಿ ತೆರೆದ ಹುಲ್ಲುಬಯಲು ಸಾಕಷ್ಟಿದೆ. ಸ್ಪರ್ಧೆಗಾಗಿ ನೆಲದ ಮೇಲೆ ಹಳದಿ ಹಗ್ಗಗಳನ್ನು ಹಾಸಿ ಹಾದಿಗಳನ್ನು ಮಾಡುತ್ತಾರೆ. ಹಗ್ಗದಾಚೆ ಬಿದ್ದರೆ ಒಂದು ಎಸೆತದ ದಂಡ. ಮರ ಮಾಡಬೇಕಾದ ಕೆಲಸವನ್ನು ಹೀಗೆ ಹಗ್ಗ ಮಾಡುತ್ತದೆ. ಇದರಲ್ಲಿ ಕೃತಕತೆ ಇದೆಯೆಂದು ಆಕ್ಷೇಪಿಸುವವರೂ ಇದ್ದಾರೆ. ಆದರೆ ಒಂದು ಗಿಡವನ್ನೂ ಕಡಿಯದೆ, ಒಂದು ಬುಟ್ಟಿ ಮಣ್ಣನ್ನೂ ಅಗೆಯದೆ ಬಯಲಿಗೆ ಅರ್ಥ ಕೊಡುವ ಈ ಜಾಣ್ಮೆಯನ್ನು ನಾನಂತೂ ಮೆಚ್ಚುತ್ತೇನೆ.

ನೆಲದ ಆರೈಕೆಯ ಮಾತೂ ಇಲ್ಲಿಯೇ ಬರುತ್ತದೆ. 18 ಹೋಲುಗಳ ಚೆಂಡಿನ ಗಾಲ್ಫಿಗೆ ನೂರು ಎಕರೆಗೂ ಮಿಗಿಲಾದ ನೆಲ, ಸದಾ ನೀರುಣಿಸಿ ಕತ್ತರಿಸಿದ ಹುಲ್ಲು ಬೇಕು. ಬಿಲ್ಲೆಯಾಟಕ್ಕೆ ಇವು ಬೇಡ. ಇದ್ದ ಕಾಡೇ ಸಾಕು. ಆದರೆ ಖರ್ಚಿಲ್ಲವೆಂದ ಮಾತ್ರಕ್ಕೆ ಹಾನಿಯಿಲ್ಲವೆನ್ನಲಾಗದು. ದಿನವೂ ನೂರಾರು ಜನ ತುಳಿದ ಮಣ್ಣು ಗಟ್ಟಿಯಾಗಿ ನೀರನ್ನು ಹೀರದಾಗುತ್ತದೆ. ಇಳಿಜಾರಿನಲ್ಲಿ ಮಳೆ ಅದನ್ನು ಕೊಚ್ಚಿ ಬೇರುಗಳನ್ನು ಬಯಲು ಮಾಡುತ್ತದೆ. ಟೀಯ ಎದುರಿಗೇ ನಿಂತ ಮರದ ತೊಗಟೆ ಬಿಲ್ಲೆಯ ಪೆಟ್ಟುಗಳಿಂದ ಸುಲಿದುಹೋಗುತ್ತದೆ. ಅದಕ್ಕೆಂದೇ ಟೀಯನ್ನು ಸಿಮೆಂಟಿನಿಂದಲೋ ಬೇರೆ ಗಟ್ಟಿ ಹಾಸಿನಿಂದಲೋ ಕಟ್ಟುತ್ತಾರೆ. ಸುಮಾರು 5 ಅಡಿ ಅಗಲ, 12 ಅಡಿ ಉದ್ದವಿದ್ದರೆ ಓಡಿಬಂದು ಎಸೆಯಲು ಅನುಕೂಲ. ಬುಟ್ಟಿಗೆ ಎರಡು ಮೂರು ಕಡೆ ನೆಲೆ ಮಾಡಿಟ್ಟು, ಆಗಾಗ ಕಿತ್ತು ಬೇರೆಡೆ ನೆಡುತ್ತಾರೆ. ಆಟಕ್ಕೆ ಹೊಸತನ, ನೆಲಕ್ಕೆ ವಿಶ್ರಾಂತಿ. ನಮ್ಮ ರೈತರು ಹೊಲವನ್ನು ಬೀಡು ಬಿಡುವಂತೆ.

ಕೊನೆಯದಾಗಿ, ನಕ್ಷೆ ಎಷ್ಟೇ ಚೆನ್ನಾಗಿದ್ದರೂ ನೆಲದ ಮೇಲೆ ನಡೆಯದೆ ಅಂಗಳ ಸಿದ್ಧವಾಗದು. ಎಲೆ ಉದುರಿದ ಕಾಲದಲ್ಲಿ ಬಯಲಾಗಿ ಕಂಡ ಹಾದಿ ಚಿಗುರಿದ ಮೇಲೆ ಮುಚ್ಚಿಹೋಗಬಹುದು; ಬೇಸಗೆಯಲ್ಲಿ ಒಣಗಿದ ತಗ್ಗು ಮಳೆಗಾಲದಲ್ಲಿ ಕೆಸರಾಗಬಹುದು. ಆದ್ದರಿಂದ ಮೊದಲು ಹೊತ್ತೊಯ್ಯಬಲ್ಲ ಬುಟ್ಟಿಗಳನ್ನಿಟ್ಟು ಹಲವು ಬಗೆಯ ಆಟಗಾರರಿಂದ ಆಡಿಸುತ್ತಾರೆ. ಅವರ ಬಿಲ್ಲೆಗಳು ಎಲ್ಲೆಲ್ಲಿ ಬಿದ್ದವು ಎಂಬುದನ್ನು ಗುರುತು ಮಾಡಿಕೊಳ್ಳುತ್ತಾರೆ. ಅದರಲ್ಲೂ ಹೊಸಬರ ಎಸೆತಗಳನ್ನು. ಪ್ರವೀಣನು ರಚನಾಕಾರನ ಜಾಣ್ಮೆಯನ್ನು ತೋರಿಸಿಕೊಡುತ್ತಾನೆ. ಹೊಸಬನು ಅವನ ತಪ್ಪನ್ನು ತೋರಿಸಿಕೊಡುತ್ತಾನೆ. ಆಮೇಲೆ ತಾನೇ ಸಿಮೆಂಟು, ಗುದ್ದಲಿ.

ನನ್ನ ಗ್ರಾಫ್ ಕಾಗದದ ಕತೆಯನ್ನು ಮುಗಿಸಿಬಿಡುತ್ತೇನೆ. ಎರಡನೆಯ ಸಲ ಕಾಲುದಾರಿಯ ಎರಡು ಬದಿಗೂ ತೆರಪು ಬಿಟ್ಟು ಬರೆದಾಗ ಏಳು ಹೋಲುಗಳು ಉಳಿದವು. ಅವುಗಳಲ್ಲಿ ಎರಡರ ಬೀಸಣಿಗೆಗಳು ಒಂದರ ಮೇಲೊಂದು ಬಿದ್ದಿದ್ದವು. ಮೂರನೆಯ ಸಲ ಉಯ್ಯಾಲೆಯ ಮೂಲೆಯನ್ನು ಪೂರ್ತಿಯಾಗಿ ಬಿಟ್ಟು, ಬೀಸಣಿಗೆಗಳನ್ನು ಬಿಡಿಬಿಡಿಯಾಗಿ ಇಟ್ಟು ಬರೆದೆ. ಐದು ಉಳಿದವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಕಲಿಯಲು ಮೂರು ಹಾಳೆಗಳು ಬೇಕಾದವು. ಮೊದಲು ಬೇಸರವಾಯಿತು, ನಿಜ. ಆದರೆ ಆ ಐದರಲ್ಲಿ ಎರಡು ಎಡಕ್ಕೆ ಬಾಗುತ್ತವೆ, ಎರಡು ಬಲಕ್ಕೆ, ಒಂದು ನೇರ. ತೋಪಿನೊಳಗಿನ ಒಂದರಲ್ಲಂತೂ ಎರಡು ಮರಗಳ ನಡುವಿನ ಹಾದಿ ಬಲು ಚೆನ್ನಾಗಿ ಬಂದಿದೆ. ಗೆಳೆಯನಿಗೆ ಮತ್ತೆ ತೋರಿಸಿದೆ. ಅವನು ಬೆರಳಿಟ್ಟು ಕಾಲುದಾರಿಯನ್ನು ಈ ತುದಿಯಿಂದ ಆ ತುದಿಯವರೆಗೆ ನಡೆಸಿ ನೋಡಿದ. ಬೆರಳಿಗೆ ಒಂದು ಗೆರೆಯೂ ಅಡ್ಡ ಬರಲಿಲ್ಲ.